ಕರಿಯೆಲೆ ಗಿಡದ ಕಸಿ

ಮೂಡಿಗೆರೆಯ ರೇವಣ್ಣ ಮೇಷ್ಟ್ರ ಮನೆಯಂಗಳದಲ್ಲಿ ಆ ದಿನ ನಡೆದ ರಗಳೆಗೆಲ್ಲ ಕಾರಣ ಎರಡಕ್ಷರದ ಒಂದು ಪದ. ಅದೂ ಅಚ್ಚ ಕನ್ನಡದ ಪದ. ರೇವಣ್ಣ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದದ್ದು ಕನ್ನಡವೇ ಆದ್ದರಿಂದ ಹೇಳುವವರಿಗೂ ಸ್ವಲ್ಪ ಸಂಕೋಚವಾಗುತ್ತದೆ.

ಮೇಷ್ಟ್ರು ಕಡೂರು ಕಡೆಯ ಬಯಲುಸೀಮೆಯವರು. ವರ್ಗವಾಗಿ ಬಂದು ಎರಡು ವರ್ಷವಾಗಿದ್ದರೂ ಒಂದು ದಿನವೂ ಕಾಫಿ ತೋಟದ ಬೇಲಿ ದಾಟಿದವರಲ್ಲ. ಕಾಲಿಗೆ ಇಂಬಳ ಹತ್ತಿ ರಕ್ತ ಹೀರುತ್ತದೆಂಬ ಭಯ. ಅವರ ಪ್ರಪಂಚವೆಲ್ಲ ಬಾಡಿಗೆ ಮನೆಯ ಮುಂದಿನ ಹತ್ತಡಿ ಅಂಗಳ, ಆ ಅಂಗಳದ ನಡುವೆ ಒಂದು ಗಿಡ.

ಗಿಡವೆಂದರೆ ಅದು ಗಿಡ! ಉತ್ತರಪತ್ರಿಕೆ ತಿದ್ದಲು ಬೆಂಗಳೂರಿಗೆ ಹೋದಾಗ ಒಂದು ನರ್ಸರಿಯಲ್ಲಿ ಕೊಂಡು, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದದ್ದು. ಹೆಸರಿನ ಚೀಟಿ ಹಾಸನದ ಹತ್ತಿರ ಕಿಟಕಿಯಿಂದ ಹಾರಿಹೋಗಿತ್ತು. ಎಲೆ ಚೆನ್ನಾಗಿ ಹಣ್ಣಾದ ನೇರಳೆಯ ಬಣ್ಣ. ನೆರಳಲ್ಲಿ ನೋಡಿದರೆ ಕಪ್ಪು, ಬಿಸಿಲು ಹಿಂದಿನಿಂದ ಬಿದ್ದರೆ ಒಳಗೆ ಕೆಂಡ ಹೊತ್ತಿಸಿದ ಹಾಗೆ. ಎದೆಯೆತ್ತರ ಬೆಳೆದು ಮೈತುಂಬ ರೆಂಬೆ ಒಡೆದು, ಆ ವರ್ಷ ಫೆಬ್ರವರಿಯಲ್ಲಿ ಮೊದಲ ಸಲ ಮೊಗ್ಗು ಕಚ್ಚಿತ್ತು. ಅರಳಿದ ಒಂದೆರಡು ಹೂವೋ, ಗುಲಾಬಿ ಬಣ್ಣದ ಕಾಗದವನ್ನು ಸಣ್ಣಗೆ ಕತ್ತರಿಸಿ ಗೊಂಚಲು ಕಟ್ಟಿದಂತೆ. ಇಡೀ ಬೀದಿಯೇ ಕಾಂಪೌಂಡಿನ ಮೇಲೆ ಗದ್ದವೂರಿ ನೋಡುತ್ತಿತ್ತು. ನೋಡುವುದಕ್ಕೂ ಹಾಗೇ ಇತ್ತು ಬಿಡಿ.

ಹೂದೋಟ ಸಮಿತಿಯ ಅಧ್ಯಕ್ಷೆ, ದೇವರಮನೆ ಬೆಟ್ಟದ ಕಡೆಯ ಎಸ್ಟೇಟಿನ ಸಾವಿತ್ರಮ್ಮನವರೇ ಒಮ್ಮೆ ಜೀಪು ನಿಲ್ಲಿಸಿ ಇಳಿದು ನೋಡಿದ್ದರು. "ಮೇಷ್ಟ್ರೇ, ಮನೆತೋಟದ ಸ್ಪರ್ಧೆಗೆ ಹೆಸರು ಕೊಡಿ. ಈ ಗಿಡ ಹೂ ಬಿಟ್ರೆ ಉಳಿದೋರೆಲ್ಲ ಸುಮ್ನೆ ಮನೇಲಿರ್ಬಹುದು" ಅಂದಿದ್ದರು. ಅಂದಿನಿಂದ ಮೇಷ್ಟ್ರು ಶಾಲೆಗೆ ಹೊರಡುವಾಗ ಹೆಂಡತಿ ಗಿರಿಜಾಂಬಾಗೆ ಹೇಳಿ ಹೋಗುವುದನ್ನು ಮರೆತರೂ ಗಿಡಕ್ಕೆ ಹೇಳಿ ಹೋಗುವುದನ್ನು ಮರೆಯುತ್ತಿರಲಿಲ್ಲ.

ಇಂಥ ಗಿಡ ಒಂದೇ ಇದ್ದರೆ ಅಪಾಯ, ಒಂದಕ್ಕೆರಡು ಮಾಡಿಕೊಳ್ಳಬೇಕು ಎಂಬ ಯೋಚನೆ ಅವರಿಗೆ ಬಂದದ್ದು ಒಂದು ಕೃಷಿ ಪತ್ರಿಕೆ ಓದಿ. ಅದರಲ್ಲಿ ಕಸಿ ಕಟ್ಟುವ ವಿಧಾನವನ್ನು ಚಿತ್ರಸಮೇತ ಬರೆದಿತ್ತು. ಮೇಷ್ಟ್ರಿಗೆ ಪೆನ್ಸಿಲು ಚೂಪು ಮಾಡುವಾಗಲೇ ಬೆರಳು ಕುಯ್ಯುತ್ತಿತ್ತು. ಆದರೆ ಎದುರು ಮನೆಯಲ್ಲೇ ಚೌಡಯ್ಯ ಇದ್ದರು. ನಲವತ್ತು ವರ್ಷ ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದು ನಿವೃತ್ತರಾದವರು. ಕೈಗೆ ಕೆಲಸವಿಲ್ಲದೆ ಜಗಲಿಯಲ್ಲಿ ಕೂತು ಕಸಿಕತ್ತಿ ಮಸೆಯುತ್ತಿದ್ದವರು.

ಅಂದು ಬೆಳಗ್ಗೆ ಮೇಷ್ಟ್ರು ಬೇಲಿಯಾಚೆಯಿಂದಲೇ ಕೇಳಿದರು. "ಚೌಡಯ್ಯನೋರೇ, ನಮ್ಮ ಗಿಡಕ್ಕೆ ಕಸಿ ಮಾಡಿಕೊಡ್ತೀರಾ?"

ಚೌಡಯ್ಯನ ಮುಖ ಅರಳಿತು. "ಎಂಥ ಕೇಳ್ತೀರಿ ಮೇಷ್ಟ್ರೇ! ಕೊಯ್ಲು ಮುಗೀತು, ಕಸಿ ಕಾಲವೇ ಇದು. ನಾನೇ ಕೇಳ್ಬೇಕು ಅಂತಿದ್ದೆ."

"ಹೂ ಬಿಡೋ ಗಿಡ. ಜೋಪಾನ."

"ಹೂ ಬಿಡೋ ಗಿಡಕ್ಕೇ ಅಲ್ವಾ ಮಾರಾಯ್ರೆ ಕಸಿ ಮಾಡೋದು! ಹಗುರವಾಗಿ ಮಾಡ್ಲಾ, ಗಟ್ಟಿಯಾಗಿ ಮಾಡ್ಲಾ?"

ಜಾಸ್ತಿ ಕಸಿಯಾದಷ್ಟೂ ಜಾಸ್ತಿ ಗಿಡ ಎಂದು ಮೇಷ್ಟ್ರು ಲೆಕ್ಕ ಹಾಕಿದರು. "ಗಟ್ಟಿಯಾಗಿಯೇ ಮಾಡಿ. ಒಂದು ಕೊಂಬೇನೂ ಬಿಡಬೇಡಿ!"

ಹಾಗೆಂದು ಹೇಳಿ, ಹಾಡು ಗುನುಗುತ್ತ ಶಾಲೆಗೆ ಹೋದರು.

ಮಧ್ಯಾಹ್ನ ಎರಡು ಗಂಟೆಗೆ ಹೆಡ್‌ಮಾಸ್ಟರ ಕೋಣೆಗೆ ಫೋನು ಬಂತು. ಇವತ್ತೇ ನಾಲ್ಕು ಗಂಟೆಗೆ ಸಾವಿತ್ರಮ್ಮನವರು ತೀರ್ಪಿಗೆ ಬರುತ್ತಾರಂತೆ. ಮೇಷ್ಟ್ರು ಎಂಟನೇ ತರಗತಿಗೆ ಬರೆಯಲು ಏನೋ ಕೊಟ್ಟು, ಅರ್ಧ ದಿನ ರಜೆ ಬರೆದಿಟ್ಟು, ಬಿರಬಿರನೆ ಮನೆಗೆ ಬಂದರು. ಗೇಟು ತೆರೆದರು. ತಪ್ಪು ಮನೆಗೆ ಬಂದೆನೇನೋ ಎಂದು ಹಿಂದಕ್ಕೆ ಹೋಗಿ ಗೇಟಿನ ಮೇಲಿನ ನಂಬರು ನೋಡಿದರು.

ಅಂಗಳದ ನಡುವೆ ಮೊಣಕಾಲೆತ್ತರದ ಒಂದು ಬೋಳು ಬೊಡ್ಡೆ, ಅದರ ಸುತ್ತ ಹದಿನಾರು ಮೋಟು ಕೊಂಬೆ. ಒಂದೊಂದರ ತುದಿಗೂ ಸಗಣಿ ಮೆತ್ತಿತ್ತು. ಪಕ್ಕದಲ್ಲಿ ಚೌಡಯ್ಯ ಬೆವರೊರೆಸಿಕೊಳ್ಳುತ್ತ, ಹೊಗಳಿಕೆಗೆ ಕಾಯುತ್ತ ನಿಂತಿದ್ದರು.

"ಏನ್ರೀ ಮಾಡಿದ್ದು ಇದು!"

"ಕಸಿ. ನೀವೇ ಹೇಳಿದ್ರಲ್ಲ."

"ಕಸಿ ಅಂದ್ರೆ ಸೇರಿಸೋದು ಕಣ್ರೀ! ಒಂದು ಗಿಡದ ಕೊಂಬೇನ ಇನ್ನೊಂದಕ್ಕೆ ಕಟ್ಟೋದು! ನಿಘಂಟಿನಲ್ಲಿದೆ!"

"ಸೇರ್ಸೋದಾ?" ಚೌಡಯ್ಯ ಕನಿಕರದಿಂದ ನೋಡಿದರು. "ನಮ್ಮ ತೋಟದಲ್ಲಿ ಕಸಿ ಅಂದ್ರೆ ತೆಗೆಯೋದು ಮೇಷ್ಟ್ರೇ. ಮರಗಸಿ ಅಂದ್ರೆ ಮರದ ಕೊಂಬೆ ಕಡಿಯೋದು. ಗಿಡಗಸಿ ಅಂದ್ರೆ ಕಾಫಿ ಗಿಡದ ಕೊಂಬೆ ತೆಗೆಯೋದು. ಇಡೀ ಮಲೆನಾಡಿಗೇ ಗೊತ್ತು."

ಮೇಷ್ಟ್ರು ಕಲ್ಲಿನ ಮೇಲೆ ಕುಸಿದು ಕೂತರು. ಆದರೂ ನ್ಯಾಯ ಹೇಳಬೇಕೆಂದರೆ, ಚೌಡಯ್ಯನ ಕೈಕೆಲಸಕ್ಕೆ ಕೈ ಮುಗಿಯಬೇಕಿತ್ತು. ಒಂದೊಂದು ಕಡಿತವೂ ಗೆಣ್ಣಿನ ಮೇಲೆ ಸರಿಯಾಗಿ ಒಂದು ಬೆರಳು ಬಿಟ್ಟು, ನೀರು ನಿಲ್ಲದಂತೆ ಓರೆಯಾಗಿ, ಒಂದೇ ಏಟಿಗೆ ಬಿದ್ದದ್ದು. ಎಲ್ಲೂ ಸಿಪ್ಪೆ ಹರಿದಿರಲಿಲ್ಲ.

"ಬೇಜಾರು ಮಾಡ್ಕೋಬೇಡಿ" ಅಂದರು ಚೌಡಯ್ಯ. "ಇಪ್ಪತ್ತು ದಿನ ಸುಮ್ನಿರಿ. ಒಂದು ಮಳೆ ಬೀಳ್ಲಿ. ಮೊದಲಿನ ಎರಡರಷ್ಟು ಚಿಗುರುತ್ತೆ. ನಾ ಮುಟ್ಟಿದ ಗಿಡ ಒಂದೂ ಸತ್ತಿಲ್ಲ."

ಆದರೆ ಸಾವಿತ್ರಮ್ಮ ಬರುವುದು ಇನ್ನೊಂದೂವರೆ ಗಂಟೆಯಲ್ಲಿ.

"ಕಡಿದ ಕೊಂಬೆಗಳೆಲ್ಲಿ?" ಎಂದು ಮೇಷ್ಟ್ರು ಚೀರಿದರು.

ಕೊಂಬೆಗಳು ಬೀದಿ ತುಂಬ ಹಂಚಿಹೋಗಿದ್ದವು. ಕೇಳಿ ತಂದ ಗಿಡಕ್ಕಿಂತ ಕದ್ದು ತಂದ ಗಿಡ ಚೆನ್ನಾಗಿ ಹಿಡಿಯುತ್ತದೆ ಎಂದು ಆ ಬೀದಿಯ ಹೆಂಗಸರಿಗೆಲ್ಲ ಬಲವಾದ ನಂಬಿಕೆ. ಚೌಡಯ್ಯ "ತಗೊಂಡು ಹೋಗಿ" ಅಂದರೂ ಯಾರೂ ತೆಗೆದುಕೊಂಡಿರಲಿಲ್ಲ. ಅವರು ಬೀಡಿ ಹಚ್ಚಲು ಆ ಕಡೆ ತಿರುಗಿದಾಗ ಸೆರಗಿನಡಿ ಸೇರಿಸಿಕೊಂಡು ಹೋಗಿದ್ದರು.

ಪಕ್ಕದ ಮನೆಯ ತಂಗಮ್ಮನ ಹಿತ್ತಿಲಲ್ಲಿ ಡಾಲ್ಡಾ ಡಬ್ಬದಿಂದ ಕರಿಯೆಲೆ ಇಣುಕುತ್ತಿತ್ತು.

"ತಂಗಮ್ನೋರೇ, ಆ ಕೊಂಬೆ ಕೊಟ್ಬಿಡಿ."

"ಯಾವ ಕೊಂಬೆ?"

"ಅದೇ, ನಿಮ್ಮ ಬೆನ್ನ ಹಿಂದೆ ಇರೋದು."

"ನೋಡಿ ಮೇಷ್ಟ್ರೇ, ಕದ್ದೆ ಅಂತ ಬಾಯಲ್ಲಿ ಒಪ್ಕೊಂಡ್ರೆ ಅದು ಹಿಡಿಯಲ್ಲ. ನಾ ಹೇಗೆ ಒಪ್ಕೊಳ್ಲಿ ನೀವೇ ಹೇಳಿ."

"ಒಪ್ಕೋಬೇಡಿ. ನಾನು ಈಗ ಕಣ್ಮುಚ್ಚಿಕೊಂಡು ನಿಲ್ತೀನಿ. ಅದು ತಾನಾಗಿ ನನ್ನ ಕೈಗೆ ಬರ್ಲಿ."

ಹೀಗೆ ಏಳು ಮನೆಯ ಮುಂದೆ ಕಣ್ಣು ಮುಚ್ಚಿ ಕೈಯೊಡ್ಡಿ ನಿಂತ ಕನ್ನಡ ಮೇಷ್ಟ್ರಿಗೆ ಆರು ಮನೆಯಲ್ಲಿ ಎರಡೋ ಮೂರೋ ಕೊಂಬೆ, ಒಂದು ಮನೆಯಲ್ಲಿ ಎರಡು ರೂಪಾಯಿ ಸಿಕ್ಕಿತು.

ಗಿರಿಜಾಂಬಾ ಹೂ ಕಟ್ಟಲು ನೆನೆಹಾಕಿದ್ದ ಬಾಳೆನಾರು ತಂದಳು. "ರೀ, ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಏನಾಗುತ್ತೆ? ಅವರೇನು ಹುಲಿಯಾ?" ಎಂದು ಒಮ್ಮೆ ಕೇಳಿ ನೋಡಿದಳು. ಮೇಷ್ಟ್ರು ಕೇಳುವ ಸ್ಥಿತಿಯಲ್ಲಿರಲಿಲ್ಲ. ಗಂಡ ಹಿಡಿದ, ಹೆಂಡತಿ ಸುತ್ತಿದಳು, ಚೌಡಯ್ಯ ಗಂಟು ಹಾಕಿದರು. ಹದಿನಾರು ಮೋಟಿಗೂ ಕೊಂಬೆ ಕೂಡಿಸಿ, ನಾರು ಬಿಗಿದು, ನೀರು ಚಿಮುಕಿಸಿದ ಮೇಲೆ ಗಿಡ ದೂರಕ್ಕೆ ಮೊದಲಿನಂತೆಯೇ ಕಂಡಿತು. ಹತ್ತಿರಕ್ಕೆ ಮಾತ್ರ ಜಾತ್ರೆಯಲ್ಲಿ ಕಾಲ್ತುಳಿತಕ್ಕೆ ಸಿಕ್ಕಿ ಬ್ಯಾಂಡೇಜು ಸುತ್ತಿಸಿಕೊಂಡು ಬಂದವರ ಹಾಗಿತ್ತು.

ನಾಲ್ಕಕ್ಕೆ ಸರಿಯಾಗಿ ಜೀಪು ಬಂತು. ಸಾವಿತ್ರಮ್ಮ ಕನ್ನಡಕ ಏರಿಸಿ ನೇರವಾಗಿ ಗಿಡದ ಹತ್ತಿರವೇ ಹೋದರು. ಬಗ್ಗಿದರು. ಒಂದು ಕಟ್ಟನ್ನು ಬೆರಳಿನಿಂದ ಮುಟ್ಟಿದರು. ಮೇಷ್ಟ್ರು ಮತ್ತೊಮ್ಮೆ ಕಣ್ಣು ಮುಚ್ಚಿಕೊಂಡರು.

"ಮೇಷ್ಟ್ರೇ!" ಅಂದರು ಸಾವಿತ್ರಮ್ಮ. "ಗ್ರಾಫ್ಟಿಂಗ್! ಒಂದೇ ಗಿಡಕ್ಕೆ ಹದಿನಾರು ಗ್ರಾಫ್ಟ್! ನಾರಿನ ಕಟ್ಟು, ಸಗಣಿ ಲೇಪ... ಇಷ್ಟು ಶಿಸ್ತಾಗಿ ಮಾಡೋರನ್ನ ನಾನು ನೋಡೇ ಇಲ್ಲ."

ಅದೇ ಕಸಿ ಈಗ ಇಂಗ್ಲಿಷ್ ವೇಷ ಹಾಕಿಕೊಂಡು ತನ್ನ ಹಿಂದೆ ಬಿದ್ದಿದೆಯೆಂದು ಮೇಷ್ಟ್ರಿಗೆ ಅನ್ನಿಸಿತು. ಅವರೊಳಗಿನ ಪ್ರಾಮಾಣಿಕ ಮನುಷ್ಯ ಎದ್ದು ನಿಂತ. "ಅಮ್ಮಾ, ಸುಳ್ಳು ಹೇಳಲ್ಲ. ಚೌಡಯ್ಯನೋರು ಮಾಡಿದ್ದು ಬರೀ ಕಸಿ. ಗಿಡ ಪೂರ್ತಿ ಕಡಿದುಬಿಟ್ರು."

"ಮೊದ್ಲು ಕಸಿ ಮಾಡ್ಲೇಬೇಕಲ್ಲ, ಆಮೇಲೆ ತಾನೇ ಗ್ರಾಫ್ಟ್ ಕಟ್ಟೋದು. ನಂಗೆ ಗೊತ್ತಿಲ್ವಾ?"

"ಹಾಗಲ್ಲಮ್ಮಾ, ಇದು ಇದರದ್ದೇ ಕೊಂಬೆ."

"ಅದನ್ನೇ ಹೇಳ್ತಿರೋದು! ಬೇರೆ ಜಾತಿ ಬೆರಕೆ ಮಾಡ್ದೆ, ಗಿಡದ್ದೇ ಕೊಂಬೆ ಗಿಡಕ್ಕೇ ಕಟ್ಟಿದೀರಿ. ಎಷ್ಟು ವಿನಯ ನಿಮಗೆ! ಮೊದಲ ಬಹುಮಾನ ನಿಮಗೇ. ಇನ್ನು ಬೇರೆ ಮನೆ ನೋಡೋದಿಲ್ಲ."

ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು. ತಂಗಮ್ಮ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ಮೇಷ್ಟ್ರ ತುಟಿಯ ಮೇಲೂ ಒಂದು ನಗು ಬಂತು. ಬಹುಮಾನವೂ ಸಿಕ್ಕಿತು, ಇಪ್ಪತ್ತು ದಿನದಲ್ಲಿ ಗಿಡವೂ ಚಿಗುರುತ್ತದೆ, ಇನ್ನೇನು ಬೇಕು?

ಸಾವಿತ್ರಮ್ಮ ಜೀಪು ಹತ್ತಿ ಕೂತು, ತಲೆ ಹೊರಗೆ ಹಾಕಿ ಹೇಳಿದರು. "ಈ ವಿದ್ಯೆ ನಾಲ್ಕು ಜನ ನೋಡ್ಬೇಕು ಮೇಷ್ಟ್ರೇ. ನಾಳೆ ನಮ್ಮ ಆಳುಗಳು ಬಂದು ಗಿಡಾನ ಬೇರುಸಮೇತ ಎಬ್ಬಿಸ್ಕೊಂಡು ಹೋಗ್ತಾರೆ. ಸಮಿತಿ ತೋಟದ ನಡುವೆ ಖಾಯಂ ಆಗಿ ನೆಡೋದು, ನಿಮ್ಮ ಹೆಸರಿನ ಬೋರ್ಡು ಹಾಕೋದು. ಎಲೆ ಬಾಡಿದ್ರೂ ಯೋಚ್ನೆ ಮಾಡ್ಬೇಡಿ, ಗ್ರಾಫ್ಟಿಗೆ ಅದು ಸಹಜ."

ಜೀಪು ತಿರುವಿನಲ್ಲಿ ಮರೆಯಾಯಿತು. ಮೇಷ್ಟ್ರು ಬಹಳ ಹೊತ್ತು ಗಿಡವನ್ನೇ ನೋಡುತ್ತ ನಿಂತರು. ಬಿಸಿಲು ಇಳಿದು, ಬಾಡುತ್ತಿದ್ದ ಆ ಎಲೆಗಳ ಒಳಗೆ ಈಗಲೂ ಕೆಂಪು ಹೊಳೆಯುತ್ತಿತ್ತು. ಅವರಿಗೆ ನಿಜವಾಗಿ ಅಳು ಬಂತು. ಚೌಡಯ್ಯ ಮೆಲ್ಲಗೆ ಬಂದು ಪಕ್ಕದಲ್ಲಿ ನಿಂತರು.

"ಚೌಡಯ್ಯನೋರೇ" ಎಂದರು ಮೇಷ್ಟ್ರು, ಕೊನೆಯ ಆಸೆಯಿಂದ. "ಈ ಬೇರುಸಮೇತ ಎಬ್ಬಿಸೋದು ಅನ್ನೋದಕ್ಕೆ ನಿಮ್ಮ ಕಡೆ ಬೇರೆ ಏನಾದ್ರೂ ಅರ್ಥ ಇದೆಯಾ?"

ಚೌಡಯ್ಯ ತಲೆ ಕೆರೆದುಕೊಂಡು ತುಂಬ ಯೋಚಿಸಿದರು.

"ಇಲ್ಲ ಮೇಷ್ಟ್ರೇ. ಅದು ಎಲ್ಲಾ ಕಡೆನೂ ಒಂದೇ."