ನಿಶ್ಶಬ್ದ! ಯಜಮಾನರು ಓದುತ್ತಿದ್ದಾರೆ

ತಮ್ಮ ಬುದ್ಧಿಗೆ ತಕ್ಕ ಕುರ್ಚಿ ಸಿಗದಿರುವುದಕ್ಕೆ ಮನೆಯ ಗದ್ದಲವೇ ಕಾರಣವೆಂದು ಯಜಮಾನರು ಒಂದು ಭಾನುವಾರ ಬೆಳಗ್ಗೆ ತೀರ್ಪು ಕೊಟ್ಟರು. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕೂತು, ನಲ್ಲಿ ಒಣಗಿದವರ ಬೈಗುಳವನ್ನೆಲ್ಲ ವರ್ಷಗಟ್ಟಲೆ ಹೊಟ್ಟೆಗೆ ಹಾಕಿಕೊಂಡವರು ಅವರು. ಇಲಾಖೆಯ ಪರೀಕ್ಷೆ ಪಾಸಾದರೆ ಮೇಲ್ವಿಚಾರಕರ ಹುದ್ದೆ, ಬಾಗಿಲಿರುವ ಸ್ವಂತ ಕೋಣೆ. (ಬಾಗಿಲು ಮುಖ್ಯ. ಬೈಯಲು ಬಂದವರು ಮೊದಲು ಅದನ್ನು ತಟ್ಟಬೇಕಲ್ಲ.) ಫೇಲಾದರೆ ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಪಕ್ಕದ ಮೇಜಿನ ಹುಡುಗಿ ಇವರ ತಲೆಯ ಮೇಲೆ ಕೂರುವುದು ಖಚಿತ.

ಗದ್ದಲ ಇದ್ದದ್ದೇನೋ ನಿಜ. ಹೆಂಡತಿಯ ಹೊಲಿಗೆ ಮಿಷನ್ನು ನಡುಮನೆಯಲ್ಲೇ ಕಟಕಟ ಓಡುತ್ತಿತ್ತು. ಹತ್ತನೇ ತರಗತಿಯ ಮಗಳಿಗೆ ಅಡ್ಡಹೆಸರೇ ರೇಡಿಯೋ. ಪುಸ್ತಕ ಮುಚ್ಚಿಟ್ಟು, ಮನೆ ತುಂಬಾ ಓಡಾಡುತ್ತಾ, ಓದಿದ್ದನ್ನೆಲ್ಲ ಅಮ್ಮನಿಗೆ ಗಟ್ಟಿಯಾಗಿ ವಿವರಿಸುವುದು ಅವಳ ಪದ್ಧತಿ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಅಮ್ಮ, "ಉಹುಂ, ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ" ಎನ್ನುವಳು. ಮಗಳು ಮತ್ತೆ ಮೊದಲಿನಿಂದ ಶುರು ಮಾಡುವಳು.

"ಇದು ಓದೋ ರೀತೀನಾ?" ಯಜಮಾನರು ಗುಡುಗಿದರು. "ಓದು ಅಂದ್ರೆ ತಪಸ್ಸು! ಒಂದು ಮೇಜು, ಒಂದು ಕುರ್ಚಿ, ದಿನಾ ಅದೇ ಹೊತ್ತು, ಸಂಪೂರ್ಣ ಮೌನ. ಮನಸ್ಸಿಗೆ ಒಳ್ಳೇ ರೂಢಿ ಹಾಕ್ಬೇಕು. ನನ್ನ ನೋಡಿ ಕಲಿ."

"ನೋಡ್ತೀನಿ ಅಪ್ಪ. ಯಾವಾಗ ಶುರು ಮಾಡ್ತೀರಾ?"

ಶುರುವಾಗಲು ಒಂದು ವಾರ ಹಿಡಿಯಿತು. ಮೇಜು ಕಿಟಕಿಯ ಕಡೆಗೆ ಹೋಯಿತು, ಗೋಡೆಯ ಕಡೆಗೆ ಬಂತು, ಪುನಃ ಕಿಟಕಿಯ ಕಡೆಗೆ ಹೋಯಿತು. ಮುಖ್ಯವಾದ ಸಾಲುಗಳಿಗೆ ಬಳಿಯಲು ಹಳದಿ ಪೆನ್ನು ಬಂತು. ಇಲಾಖೆಯ ನಿಯಮಗಳಲ್ಲಿ ಮುಖ್ಯವಲ್ಲದ ಸಾಲು ಯಾವುದೆಂದು ತಿಳಿಯದೆ ಅವರು ಪುಸ್ತಕವನ್ನಿಡೀ ಹಳದಿ ಮಾಡಿದರು. ಆಮೇಲೆ ಕಚೇರಿಗೆ ರಜೆ ಹಾಕಿ ತಪಸ್ಸಿಗೆ ಕೂತರು.

ಬೆಳಗಿನ ತಿಂಡಿಯಿಂದ ಮಧ್ಯಾಹ್ನದ ಊಟದವರೆಗೆ ಮನೆಯ ಬಾಯಿಗೆ ಬೀಗ ಬಿತ್ತು. ಮಿಕ್ಸಿ ಬಂದ್. ಕುಕ್ಕರು ಕೂಗುವ ಮೊದಲೇ ಹೆಂಡತಿ ಓಡಿಹೋಗಿ ಒಲೆ ಆರಿಸಬೇಕು. (ಅನ್ನ ಅರ್ಧ ಬೇಯುತ್ತಿತ್ತು. ತಪಸ್ವಿಗೆ ಅದರ ಪರಿವೆ ಇರಲಿಲ್ಲ.) ರೇಡಿಯೋ ಹೊರಗಿನ ಮೆಟ್ಟಿಲ ಮೇಲೆ ಕೂತು ಪಕ್ಕದ ಮನೆಯ ಬೆಕ್ಕಿಗೆ ಭೂಗೋಳ ಹೇಳತೊಡಗಿದಳು. ಬಟ್ಟೆ ಹೊಲಿಸಲು ಬಂದವರು ಕೈಸನ್ನೆಯಲ್ಲೇ ಅಳತೆ ಹೇಳಬೇಕಾಯಿತು. ಆಸ್ಪತ್ರೆಯ ನರ್ಸಮ್ಮ, "ಡ್ಯೂಟಿಗೆ ತಡವಾಯ್ತು" ಎಂದು ಮಣಿಕಟ್ಟು ತಟ್ಟಿ ತೋರಿಸಿ ಹೋದದ್ದೇ ತಡ, ಅದನ್ನೇ ತೋಳಿನ ಅಳತೆ ಎಂದುಕೊಂಡ ಹೆಂಡತಿ ಅವಳ ಬೇಸಿಗೆಯ ಅಂಗಿಗೆ ಮಣಿಕಟ್ಟಿನವರೆಗೂ ತೋಳಿಟ್ಟು ಹೊಲಿದಳು.

"ಬೆವರಿ ಸಾಯ್ತೀನಿ ಅಂತ ಬೈದು ಹೋದ್ರು. ಎಲ್ಲಾ ನಿಮ್ಮಿಂದ!" ಹೆಂಡತಿ ಪಿಸುದನಿಯಲ್ಲೇ ಜಗಳಕ್ಕೆ ನಿಂತಳು. ಪಿಸುದನಿಯಲ್ಲಿ ಜಗಳವಾಡುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಉತ್ತರವಾಗಿ ಬಂದದ್ದು ಸಣ್ಣ ಗೊರಕೆ.

ಅವಳು ಭುಜ ಅಲುಗಿಸಿದಳು. ಯಜಮಾನರು ಕಣ್ಣು ತೆರೆಯದೆ ಗಂಭೀರವಾಗಿ ನುಡಿದರು: "ಮನನ ಮಾಡ್ತಾ ಇದೀನಿ. ಕಾಫಿ ಅಲ್ಲಿಟ್ಟು, ಬಾಗಿಲು ಹಾಕ್ಕೊಂಡು ಹೋಗು."

ಮರುದಿನವೂ ಇದೇ ಮನನ, ಅದರ ಮರುದಿನವೂ ಇದೇ. ರೂಢಿ ಎಷ್ಟು ಚೆನ್ನಾಗಿ ಹತ್ತಿತೆಂದರೆ ಕುರ್ಚಿಗೆ ಬೆನ್ನು ತಾಗುವಷ್ಟರಲ್ಲಿ ರೆಪ್ಪೆ ಕೂಡುತ್ತಿತ್ತು.

ಪರೀಕ್ಷೆಯ ದಿನ ಬಂತು. ಹಾಲ್ ನೋಡಿ ಯಜಮಾನರಿಗೆ ಹೃದಯ ತುಂಬಿ ಬಂತು. ಒಂದು ಮೇಜು, ಒಂದು ಕುರ್ಚಿ, ಅದೇ ಹೊತ್ತು, ಸೂಜಿ ಬಿದ್ದರೂ ಕೇಳುವಂಥ ಮೌನ! ಉತ್ತರ ಪತ್ರಿಕೆಯ ಮೇಲೆ ಹೆಸರನ್ನು ದುಂಡಗೆ ಬರೆದರು. ಪ್ರಶ್ನೆಗಳತ್ತ ಪ್ರೀತಿಯಿಂದ ನೋಡಿದರು.

ಯಾರೋ ಭುಜ ಅಲುಗಿಸಿದರು.

"ಮನನ ಮಾಡ್ತಾ ಇದೀನಿ. ಕಾಫಿ ಅಲ್ಲಿಟ್ಟು, ಬಾಗಿಲು ಹಾಕ್ಕೊಂಡು ಹೋಗು."

"ಬಾಗಿಲೇ ಹಾಕೋ ಹೊತ್ತಾಯ್ತು ಸ್ವಾಮಿ," ಎಂದಿತು ದನಿ. "ಎಲ್ಲರೂ ಬರೆದು ಕೊಟ್ಟು ಹೋದ್ರು." ಕಣ್ಣು ಬಿಟ್ಟರೆ ಎದುರಿಗೆ ನಿಂತವರು ಕಚೇರಿಯ ದೊಡ್ಡ ಸಾಹೇಬರು. ಯಜಮಾನರು ಗಡಬಡಿಸಿ ಎದ್ದು, ಹೆಸರು ಮಾತ್ರ ಇದ್ದ ಉತ್ತರ ಪತ್ರಿಕೆಯನ್ನು ಒಪ್ಪಿಸಿದರು.

ಬಾಗಿಲಿರುವ ಕೋಣೆ ಪಕ್ಕದ ಮೇಜಿನ ಹುಡುಗಿಗೆ ಹೋಯಿತು. ಈಗ ಯಜಮಾನರೇ ಆ ಬಾಗಿಲನ್ನು ತಟ್ಟಿ ಒಳಗೆ ಹೋಗುತ್ತಾರೆ. ಹತ್ತನೇ ತರಗತಿಯ ಪರೀಕ್ಷೆಯಲ್ಲಿ ರೇಡಿಯೋ ಶಾಲೆಗೇ ಮೊದಲು ಬಂದಳು. ಅಪ್ಪನಿಗೆ ಅಂದು ಹೆಮ್ಮೆಯೂ ಆಯಿತು, ಹೊಟ್ಟೆಯೂ ಉರಿಯಿತು.

ಮುಂದಿನ ವರ್ಷದ ಪರೀಕ್ಷೆಗೆ ತಯಾರಿ ಈಗಾಗಲೇ ನಡೆದಿದೆ. ಅಪ್ಪನಿಗೆ ಕುರ್ಚಿ ಕೊಡಬಾರದೆಂದು ಮಗಳ ಕಟ್ಟಪ್ಪಣೆ. ಹೊಲಿಗೆ ಮಿಷನ್ನಿನ ಪಕ್ಕದಲ್ಲಿ ನಿಂತು, ನರ್ಸಮ್ಮನ ಅಂಗಿಯ ಬಿಚ್ಚಿದ ತೋಳುಗಳನ್ನು ಹೆಗಲ ಮೇಲೆ ಹಾಕಿಕೊಂಡು, ಹಳದಿ ಪುಸ್ತಕ ಮುಚ್ಚಿಟ್ಟು, ಒಡೆದ ಪೈಪಿಗೆ ಸಂಬಂಧಿಸಿದ ನಿಯಮವನ್ನು ಯಜಮಾನರು ವಿವರಿಸಿದರು.

"ಉಹುಂ, ಅರ್ಥ ಆಗ್ಲಿಲ್ಲ," ಎಂದಳು ಹೆಂಡತಿ, ಗುಂಡುಪಿನ್ನು ಕಚ್ಚಿಕೊಂಡೇ. "ಇನ್ನೊಂದ್ಸಲ."

ಒಳಗಿನ ಕೋಣೆಯಿಂದ ರೇಡಿಯೋ ಕೂಗಿದಳು: "ಸ್ವಲ್ಪ ಗಟ್ಟಿಯಾಗಿ ಅಪ್ಪ! ಇಲ್ಲಿಗೆ ಏನೂ ಕೇಳಿಸ್ತಿಲ್ಲ!"