ಕಾಕಾರ ಕುಂಬಳಕಾಯಿ ಸೂಪು

ಕುಂಬಳಕಾಯಿಗೆ ಬಾಯಿ ಇದ್ದಿದ್ದರೆ ಅದು ಎಂದೋ ಪೊಲೀಸ್ ಠಾಣೆಗೆ ಹೋಗಿ ನಮ್ಮ ಕಾಕಾರ ಮೇಲೆ ದೂರು ಕೊಡುತ್ತಿತ್ತು. ಸಾಕ್ಷಿ ಹೇಳಲು ನಾನೇ ಮುಂದೆ ನಿಲ್ಲುತ್ತಿದ್ದೆ! ರಕ್ತಸಂಬಂಧವೆಂದು ಒಂದು ಮಾತನ್ನೂ ಮುಚ್ಚಿಡುತ್ತಿರಲಿಲ್ಲ. ದೀಪಾವಳಿ ಸೂಟಿಯಲ್ಲಿ ಆ ಮನುಷ್ಯ ನನ್ನ ತಲೆ ತಿಂದದ್ದನ್ನು ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಅಂಕಲಿಯ ಹತ್ತಿರ ಕಬ್ಬಿನ ಹೊಲದಲ್ಲೇ ಮನೆ. ಅವರಿಗೆ ಸಿಟ್ಟು ಬರಲು ಕಾರಣವೇನೂ ಬೇಕಾಗಿಲ್ಲ. ಕರೆಂಟು ಹೋದರೆ ಸಿಟ್ಟು, ಬಂದರೆ "ಈಗ್ಯಾಕ ಬಂತು?" ಎಂದು ಸಿಟ್ಟು. ಈ ಗುಣ ನಮ್ಮ ಮನೆತನದ್ದೇ ಎಂದು ಅಮ್ಮ ನನ್ನ ಮುಖ ನೋಡಿ ಹೇಳುತ್ತಾಳೆ. ಇರಲಿ, ಅದು ಬೇರೆ ಮಾತು.

ಇಷ್ಟು ವರ್ಷಗಳ ಸಂಸಾರದಲ್ಲಿ ಕಾಕಾ ಅಡುಗೆಮನೆಯಲ್ಲಿ ಮಾಡಿದ ಕೆಲಸ ಒಂದೇ. ನಮ್ಮ ಮನೆಯಲ್ಲಿ ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಚಾಕು ಹಾಕುವಂತಿಲ್ಲ. ಗಂಡಸು ಹೊಡೆದು ಎರಡು ಹೋಳು ಮಾಡಿಕೊಡಬೇಕು. ಸಿಪ್ಪೆ ತೆಗೆಯುವುದಕ್ಕೆ, ಹೆಚ್ಚುವುದಕ್ಕೆ, ಬೇಯಿಸುವುದಕ್ಕೆ, ಪಾತ್ರೆ ತಿಕ್ಕುವುದಕ್ಕೆ ಗಂಡಸು ಬೇಕಿಲ್ಲ. ಎಂಥ ಅನುಕೂಲದ ಶಾಸ್ತ್ರ ನೋಡಿ! ಕಾಕಾ ಒಂದು ಹೊಡೆತ ಹೊಡೆದು, ಕೈ ಝಾಡಿಸಿ, ಕಾಳಗ ಗೆದ್ದವರ ಹಾಗೆ ಹೊರಗೆ ಹೋಗುತ್ತಿದ್ದರು. ಊಟಕ್ಕೆ ಕೂತಾಗ, "ನಾ ಮಾಡಿದ ಪಲ್ಯ ಹೆಂಗ ಆಗೇತಿ?" ಎಂದು ಬೇರೆ ಕೇಳುವುದು! ಅವರ ಹೆಂಡತಿ, ನಮ್ಮ ಕಾಕು, ಮುಖದಲ್ಲಿ ಒಂದಿಷ್ಟೂ ನಗು ತೋರಿಸದೆ, "ಭಾಳ ದಣದೀರಿ, ಉಂಡು ಮಕ್ಕೋರಿ" ಎನ್ನುತ್ತಿದ್ದಳು.

ಈ ವರ್ಷ ಆ ಕಾಕುವಿಗೇ ಗಂಟಲಲ್ಲಿ ಗಡ್ಡೆ ಎದ್ದಿತು. ಮಿರಜಿನ ಆಸ್ಪತ್ರೆಗೆ ಓಡಾಡಿ ಕರೆಂಟು, ಅಂದರೆ ರೇಡಿಯೇಶನ್, ಕೊಡಿಸಿಕೊಂಡು ಬಂದರು. ಗಡ್ಡೆ ಕರಗಿತು, ಜೊತೆಗೆ ನಾಲಿಗೆಯ ರುಚಿಯೂ ಹೋಯಿತು. ಬಾಯೆಲ್ಲ ಹುಣ್ಣು. ಪಾಯಸ ಕೊಟ್ಟರೂ "ಮಣ್ಣ ತಿಂದಂಗ ಆಗತೈತಿ, ಒಲ್ಲೆ" ಎಂದು ತಾಟು ದೂಡುತ್ತಿದ್ದಳು. ರುಚಿ ತಿರುಗಿ ಬರುತ್ತದೆ, ಯಾವಾಗ ಎಂದು ಹೇಳಲಾಗದು, ಅಲ್ಲಿಯವರೆಗೆ ಹೇಗಾದರೂ ಹೊಟ್ಟೆಗೆ ಹಾಕಿ, ಇಲ್ಲವಾದರೆ ಮೂಗಿನಿಂದ ನಳಿಗೆ ಹಾಕಬೇಕಾಗುತ್ತದೆ ಎಂದಿದ್ದರು ಡಾಕ್ಟರು. ಅದರ ಮೇಲೆ ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಕಾಕು ತುತ್ತು ಮುಟ್ಟುವವಳಲ್ಲ. ಔಷಧ ಅಂತ ತಿಳಿದು ತಿನ್ನು ಎಂದರೂ ಕೇಳಳು. ರಾಯಬಾಗದಲ್ಲಿ ಶಾಲೆ ಕಲಿಸುವ ನಾನು ಸೂಟಿಗೆ ಓಡಿಬಂದದ್ದು ಅವಳಿಗೆ ನಾಲ್ಕು ಚಮಚ ಕುಡಿಸಲು.

ಬಂದು ನೋಡಿದರೆ ಕಾಕಾ ಮೊಬೈಲಿನಲ್ಲಿ ಸೂಪು ಮಾಡುವುದನ್ನು ನೋಡುತ್ತ ಕೂತಿದ್ದರು! ಕೊಲ್ಲಾಪುರದ ತನಕ ಹೋಗಿ ಬಟರ್‌ನಟ್ ಎಂಬ ಪರದೇಶಿ ಕುಂಬಳಕಾಯಿ ತಂದಿದ್ದರು. ಉದ್ದ ಕುತ್ತಿಗೆ, ದಪ್ಪ ತಳ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಕೂಡಿಸಿಕೊಂಡು ಬಂದರಂತೆ.

"ಕಾಕಾ, ಇದರಾಗ ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಂತ ಹೇಳ್ಯಾರಲ್ರಿ?"

"ನಮ್ಮ ಮನ್ಯಾಗ ನಡಿಯೂದಿಲ್ಲ. ಅವನ್ನ ಬಿಟ್ಟು ಮಾಡೂದು."

"ಮತ್ತ ರುಚಿ?"

"ಆಕಿಗೆ ರುಚೀನ ಹತ್ತೂದಿಲ್ಲಂದ ಮ್ಯಾಲ ನಿಂದೇನ ನಡಬರಕ?"

ಇಂಥವರಿಗೆ ಏನು ಹೇಳುತ್ತೀರಿ! ಶಾಸ್ತ್ರದಂತೆ ತಾವೇ ಹೊಡೆದರು, ಒಂದು ಹೋಳನ್ನು ಬೇಯಿಸಿದರು, ಕುದಿಯುವುದನ್ನೇ ಮಿಕ್ಸರಿಗೆ ಸುರಿದರು. "ಆರಲಿ ತಡೀರಿ" ಎಂದೆ. "ಹೊತ್ತ ನಿನ್ನ ಸಲುವಾಗಿ ತಡಿತೈತೇನ ಬೇ?" ಎಂದು ಗುಂಡಿ ಒತ್ತಿಯೇಬಿಟ್ಟರು. ಮುಚ್ಚಳ ಹಾರಿ ಮೇಲಿನ ತಗಡಿಗೆ ಬಡಿಯಿತು. ಗೋಡೆ, ಗಡಿಯಾರ, ನನ್ನ ಹೊಸ ಸೀರೆ ಎಲ್ಲಕ್ಕೂ ಅರಿಶಿನ ಶಾಸ್ತ್ರ! ಕಾಕಾ ಮುಖ ಒರೆಸಿಕೊಂಡು ಹೇಳಿದ್ದೇನು ಗೊತ್ತೇ? "ಮಿಕ್ಸರ್ ಬರೋಬರ್ ಇಲ್ಲ." ಗೋಡೆ ತೊಳೆದವಳು ನಾನು.

ಮರುದಿನ ಉಳಿದರ್ಧವನ್ನು ನಾನೇ ಬೇಯಿಸಿ, ಆರಿಸಿ, ರುಬ್ಬಿ, ಸೋಸಿ, ಎಮ್ಮೆಹಾಲಿನ ಕೆನೆ ಕೂಡಿಸಿದೆ. ಬಾಯಿ ಉರಿಯುತ್ತದೆಂದು ಉಪ್ಪನ್ನೂ ಹಾಕಲಿಲ್ಲ. ಬೆಣ್ಣೆಯಂಥ ಸೂಪು! ಕಾಕುವನ್ನು ಎಬ್ಬಿಸಿ ಕೂಡಿಸಲು ನಾನು ಒಳಗೆ ಹೋದಷ್ಟರಲ್ಲಿ ಕಾಕಾ ರುಚಿ ನೋಡಿದ್ದಾರೆ. ಸಪ್ಪಗಿದೆ ಅನಿಸಿದೆ. ನಮ್ಮ ಕಡೆಯವರಿಗೆ ಮಸಾಲೆ ಖಾರ ಬೀಳದ್ದು ಅಡುಗೆಯೇ ಅಲ್ಲ. ಚಹಾಕ್ಕೆ ಹಾಕದಿರುವುದೇ ದೊಡ್ಡದು! ರೂಢಿಯ ಕೈ ಡಬ್ಬಿಗೆ ಹೋಗಿದೆ, ಒಂದು ಚಮಚ ಬಿದ್ದಿದೆ.

ಕಾಕು ಒಂದೇ ಗುಟುಕು ಕುಡಿದಳು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು, ಕಣ್ಣಿಂದ ನೀರು ದಳದಳ ಇಳಿಯಿತು. ಗೋಡೆಯ ಕಡೆ ತಿರುಗಿ ಮಲಗಿದವಳು ಆ ದಿನ ಮತ್ತೆ ಬಾಯಿ ತೆರೆಯಲಿಲ್ಲ. ಹೊತ್ತು ಮುಳುಗಿತು.

ನನಗೆ ಎಲ್ಲಿತ್ತೋ ಸಿಟ್ಟು! ಹಿರಿಯರು, ಕಿರಿಯರು ಒಂದೂ ನೋಡಲಿಲ್ಲ.

"ಆಕೀನ್ನ ಕೊಲ್ಲಾಕ ಆ ಗಡ್ಡಿ ಸಾಲಲಿಲ್ಲಂತ ನೀವೂ ನಿಂತೀರೇನು? ಕೈ ಮುಗೀತೀನ್ರಿ ಕಾಕಾ, ಇನ್ನ ಅಡಿಗಿಮನಿಗೆ ಕಾಲ ಇಡಬ್ಯಾಡ್ರಿ!"

ಒಂದಕ್ಕೆ ಹತ್ತು ಆಡುವ ಮನುಷ್ಯ ನೆಟ್ಟಗೆ ದನದ ಕೊಟ್ಟಿಗೆಗೆ ಹೋಗಿ ಎಮ್ಮೆಯ ಪಕ್ಕ ಕೂತರು. ಅಯ್ಯೋ ಪಾಪ ಅನಿಸಿತೇ ಎಂದು ಕೇಳಬೇಡಿ. ಅನಿಸಲಿಲ್ಲ!

ಮೂರನೆಯ ದಿನ ಪರದೇಶಿ ಕಾಯಿ ಮುಗಿದಿತ್ತು. ಅಟ್ಟದ ಮೇಲೆ ಹೊಲದಲ್ಲೇ ಬೆಳೆದ ಒಂದು ಕುಂಬಳಕಾಯಿ ಇತ್ತು. ಹೊತ್ತು ಇಳಿಯುತ್ತಿತ್ತು. ಕಾಯಿಯನ್ನೂ ಚಾಕುವನ್ನೂ ಹಿಡಿದು ಕೊಟ್ಟಿಗೆಗೆ ಹೋದೆ.

"ಹೊಡದ ಕೊಡ್ರಿ."

"ನನ್ನ ಕೈ ಬ್ಯಾಡವಾ. ನೀನ ಹೊಡಿ."

"ಹೆಂಗಸರು ಹೊಡೀಬಾರದಂತ ಹೇಳಾವ್ರು ಯಾರ್ರಿ?"

"ಆಕಿ ಹೊಟ್ಟಿಗೆ ಹೋಗಲಿ ಮೊದಲ. ಶಾಸ್ತ್ರ ನಾ ನೋಡ್ಕೋತೀನಿ."

ನಿನ್ನೆಯ ಸಿಟ್ಟೆಲ್ಲ ಕೈಗೆ ಬಂದು ಎರಡೇ ಏಟಿಗೆ ಕಾಯಿ ಹೋಳಾಯಿತು. ಕಾಕಾ ಹಿಂದಿನಿಂದ ಬಂದು ಅಡುಗೆಮನೆಯ ಹೊಸ್ತಿಲ ಹೊರಗೇ ಕೂತು ಸಿಪ್ಪೆ ತೆಗೆದರು. ಸಿಪ್ಪೆಯ ಜೊತೆ ಅರ್ಧ ಕಾಯಿಯನ್ನೂ ತೆಗೆದರು, ಅದಕ್ಕೂ ಬೈದೆ. ಬೇಯಿಸಿ, ಆರಿಸಿ, ರುಬ್ಬಿ, ಕೆನೆ ಹಾಕಿ ಒಯ್ದಾಗ ಸೂರ್ಯ ಕಬ್ಬಿನ ತುದಿಗೆ ಬಂದಿದ್ದ.

ಕಾಕು ಒಂದು ಚಮಚ ಕುಡಿದಳು. ಇನ್ನೊಂದು ಕುಡಿದಳು. ಆಮೇಲೆ ಮುಖ ಹಿಂಡಿದಳು. ಬಾಗಿಲ ಮರೆಯಲ್ಲಿ ನಿಂತಿದ್ದ ಕಾಕಾರ ನೆರಳು ಅಲುಗಲಿಲ್ಲ. ಮುಗಿಯಿತು, ಮತ್ತೆ ಮಣ್ಣು ಎನ್ನುತ್ತಾಳೆ ಎಂದುಕೊಂಡೆ.

"ಉಪ್ಪ ಹಾಕಿಲ್ಲೇನ ಇದಕ? ಸಪ್ಪಗ ಐತಿ."

ಇಷ್ಟು ದಿನ ಸಿಹಿಯೂ ಮಣ್ಣಾಗಿದ್ದ ನಾಲಿಗೆ ಉಪ್ಪಿಲ್ಲ ಎಂದು ಹೇಳಿತ್ತು!

ಕಾಕಾ ಒಳಗೆ ನುಗ್ಗಿದರು. "ಏನಂದಿ? ಇನ್ನೊಮ್ಮೆ ಅನ್ನು."

"ಸಪ್ಪಗ ಐತಿ ಅಂದೆ. ಹಿಂಗ ಮಾಡತಾರೇನ ಯಾರರೆ?"

"ಹೌದು, ಹೌದು, ಭಾಳ ಸಪ್ಪಗ ಐತಿ! ತಡಿ, ತರತೀನಿ" ಎಂದು ಅಡುಗೆಮನೆಗೆ ಓಡಿದರು. ಹೋದವರು ಬರಲೇ ಇಲ್ಲ. ಒಂದು ಚಿಟಿಕೆ ಉಪ್ಪು ತರಲು ಎಷ್ಟು ಹೊತ್ತು ಎಂದು ಬೈಯಲು ಎದ್ದುಹೋದೆ.

ಕಾಕಾ ಉಪ್ಪಿನ ಡಬ್ಬಿ ಎದೆಗೆ ಅವುಚಿಕೊಂಡು ಗೋಡೆಗೆ ಹಣೆ ಹಚ್ಚಿ ನಿಂತಿದ್ದರು. ಭುಜಗಳು ಅಲುಗುತ್ತಿದ್ದವು. ನನಗೂ ಅಳು ತಡೆಯಲಾಗಲಿಲ್ಲ. ಒಳಗಿನಿಂದ ಕಾಕುವಿನ ಒಡೆದ ದನಿ ಕೇಳಿತು.

"ಹೊತ್ತ ಮುಳುಗತೈತ್ರಿ, ಲಗೂನ ತರ್ರಿ!"

ಕಾಕಾರ ಕೈಗೆ ಡಬ್ಬಿಯ ಮುಚ್ಚಳ ಬಿಚ್ಚಲು ಬರಲಿಲ್ಲ. ನಾನು ಬಿಚ್ಚಿ, ಒಂದು ಚಿಟಿಕೆ ಉಪ್ಪು ಹಿಡಿದು, ಇನ್ನೊಂದು ಕೈಯಿಂದ ಅವರ ತೋಳು ಹಿಡಿದು ಎಳೆದುಕೊಂಡು ಓಡಿದೆ.