ಒಂದು ಕಾದಂಬರಿ, ಎರಡು ಸಿನಿಮಾ, ಮೂರು ಊರು

ಪುಸ್ತಕ ತನ್ನ ಪಾಡಿಗೆ ಕಪಾಟಿನಲ್ಲಿ ಕೂತಿರುತ್ತದೆ, ಅದರಿಂದ ಯಾರಿಗೆ ಏನು ತೊಂದರೆ ಅಂತ ನೀವು ಕೇಳಿದರೆ, ನೀವು ಯಾವತ್ತೂ ಲೈಬ್ರರಿಯಲ್ಲಿ ಕೆಲಸ ಮಾಡಿದವರಲ್ಲ ಅಂತಲೇ ಅರ್ಥ. ಅರವತ್ತರ ದಶಕದಲ್ಲಿ ನಾನು ಹೊಸನಗರದ ಒಂದು ಸಣ್ಣ ವಾಚನಾಲಯ ನೋಡಿಕೊಳ್ಳುತ್ತಿದ್ದೆ. ಒಂದು ಕೋಣೆ, ಎರಡು ಬೆಂಚು, ಮೂರು ಕಪಾಟು. ಅಷ್ಟರಲ್ಲೇ ದಿನಕ್ಕೊಂದು ತಮಾಷೆ ನಡೆಯುತ್ತಿತ್ತು. ಅದರಲ್ಲೂ ಆ ಒಂದು ಕಾದಂಬರಿ ಬಂದ ಮೇಲೆ ಕೇಳುವುದೇ ಬೇಡ.

ಅದು ಬೇರೆ ಭಾಷೆಯಿಂದ ಕನ್ನಡಕ್ಕೆ ಬಂದ ಹಳೆಯ ಕಾದಂಬರಿ. ಕಥೆ ಇಷ್ಟೇ: ಗಂಡ ಗಟ್ಟಿಮುಟ್ಟಾಗಿ ಬದುಕಿರುವಾಗಲೇ ಒಬ್ಬಳು ಹೆಂಡತಿ, ಸಂಗೀತ ಹೇಳಿಕೊಡಲು ಬರುತ್ತಿದ್ದ ಮೇಷ್ಟ್ರ ಜೊತೆ ಮನೆ ಬಿಟ್ಟು ಹೊರಡುತ್ತಾಳೆ. ಹೋದವಳು ಸಾಯುವುದಿಲ್ಲ, ಹುಚ್ಚಿಯಾಗುವುದಿಲ್ಲ, ವಾಪಸು ಬಂದು ಗಂಡನ ಕಾಲಿಗೂ ಬೀಳುವುದಿಲ್ಲ. ಸುಖವಾಗಿರುತ್ತಾಳೆ. ಗಲಾಟೆಗೆ ಅಷ್ಟು ಸಾಕಾಗಿತ್ತು. ಸಾಲದು ಅಂತ ಅದನ್ನು ಹಿಂದಿಯವರು ಒಂದು ಸಲ, ಕನ್ನಡದವರು ಒಂದು ಸಲ ಸಿನಿಮಾ ಮಾಡಿದರು. ಹಿಂದಿಯದು ಸಾಗರಕ್ಕೆ ಬಂತು, ಕನ್ನಡದ್ದು ತೀರ್ಥಹಳ್ಳಿಗೆ ಬಂತು. ನಾವು ಹೊಸನಗರದವರು ನಡುವೆ ಪುಸ್ತಕ ಹಿಡಿದುಕೊಂಡು ಕೂತಿದ್ದೆವು.

ಕೆಂಪು ಪೆನ್ಸಿಲ್

ಸಿನಿಮಾಗಳಿಗೂ ಮುಂಚಿನ ಮಾತು. ಪುಸ್ತಕ ಬಂದ ವಾರದಲ್ಲೇ ವಾಚನಾಲಯದ ಸಮಿತಿ ಸಭೆ ಸೇರಿತು. ಒಬ್ಬರು ಸುಟ್ಟುಹಾಕಿ ಅಂದರು, ಇನ್ನೊಬ್ಬರು ವಾಪಸು ಕಳಿಸಿ ಅಂದರು. ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರು, ನ್ಯಾಯವಂತರು. "ಓದದೆ ಶಿಕ್ಷೆ ಕೊಡೋದು ತಪ್ಪು. ನಾನೇ ಓದಿ ಆಕ್ಷೇಪಾರ್ಹ ಭಾಗಕ್ಕೆ ಗುರುತು ಹಾಕ್ತೀನಿ. ಆಮೇಲೆ ಅದರ ಮೇಲೆ ಕಾಗದ ಅಂಟಿಸಿ" ಅಂದರು.

ಹದಿನೈದು ದಿನ ಓದಿದರು. ನಲವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಕೈ. ಒಂದು ಸಾಲೂ ತಪ್ಪದಂತೆ, ಸ್ಕೇಲ್ ಇಟ್ಟು ಕೆಂಪು ಪೆನ್ಸಿಲಿನಲ್ಲಿ ಅಡಿಗೆರೆ ಎಳೆದು ಕೊಟ್ಟರು. ನಾನು ಗೋಂದು ತರುವಷ್ಟರಲ್ಲಿ ಪುಸ್ತಕ ನನ್ನ ಮೇಜಿನಿಂದ ಹೋಗಿಬಿಟ್ಟಿತ್ತು. ಒಂದು ತಿಂಗಳು ಮನೆಯಿಂದ ಮನೆಗೆ ತಿರುಗಿತು. ಕೊನೆಗೆ ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರು ತಂದುಕೊಟ್ಟರು.

"ಇಷ್ಟು ದಪ್ಪದ ಪುಸ್ತಕ, ಒಂದೇ ಗಂಟೇಲಿ ಮುಗೀತು ನೋಡಿ" ಅಂದರು. ಆಮೇಲೆ ಸುತ್ತ ನೋಡಿ ದನಿ ತಗ್ಗಿಸಿ ಕೇಳಿದರು, "ಅಧ್ಯಕ್ಷರು ಬೇರೆ ಯಾವ್ದಾದ್ರೂ ಪುಸ್ತಕಕ್ಕೆ ಹಿಂಗೆ ಗುರುತು ಹಾಕಿದಾರಾ?"

ಸುಬೇದಾರರ ಅನುವಾದ

ಹಿಂದಿ ಸಿನಿಮಾ ಸಾಗರಕ್ಕೆ ಬಂತು ಅಂತ ಗೊತ್ತಾಗಿದ್ದೇ ತಡ, ಊರಿಗೆ ಊರೇ ಎದ್ದಿತು. ಒಂದು ಭಾನುವಾರ ಬೆಳಗಿನ ಬಸ್ಸಿನಲ್ಲಿ ನಾವು ಹದಿನಾಲ್ಕು ಜನ ಹೊರಟೆವು. ತೊಂದರೆ ಒಂದೇ, ಹಿಂದಿ ಯಾರಿಗೂ ಬರುತ್ತಿರಲಿಲ್ಲ. ಅದಕ್ಕೇ ಮಿಲಿಟರಿಯಿಂದ ನಿವೃತ್ತರಾಗಿ ಬಂದಿದ್ದ ಸುಬೇದಾರರನ್ನು ಟಿಕೆಟ್ಟು ನಮ್ಮದು ಅಂತ ಹೇಳಿ ಕರೆದುಕೊಂಡು ಹೋದೆವು. ಮ್ಯಾಟಿನಿಯಲ್ಲಿ ಅವರನ್ನು ನಡುವೆ ಕೂರಿಸಿ ಎರಡೂ ಕಡೆ ನಾವು ಕೂತೆವು.

ಪರದೆಯ ಮೇಲೆ ಗಂಡ ಹೆಂಡತಿಯ ಎದುರು ನಿಂತು, ಕಣ್ಣೀರು ಹಾಕಿ, ಆಕಾಶ ನೋಡಿ, ಎದೆ ಮುಟ್ಟಿಕೊಂಡು ಐದು ನಿಮಿಷ ಮಾತಾಡಿದ. ನಾವೆಲ್ಲ ಸುಬೇದಾರರ ಕಡೆ ತಿರುಗಿದೆವು.

"ಹೋಗ್ಬೇಡ ಅಂದ."

"ಅಷ್ಟೇನಾ ಸುಬೇದಾರ್ರೇ? ಅಷ್ಟೊತ್ತು ಮಾತಾಡಿದ್ನಲ್ಲ?"

"ಅರ್ಥ ಅಷ್ಟೇ. ಉಳಿದಿದ್ದು ದಂಡ."

ಹೀಗೇ ಸಿನಿಮಾ ಪೂರ್ತಿ ನಡೆಯಿತು. ಬಾ ಅಂದ, ನಿಲ್ಲು ಅಂದಳು, ಹೋಗು ಅಂದ. ಕೊನೆಗೆ ಹಿಂದಿಯವರು ಪುಸ್ತಕ ಬಿಟ್ಟು ತಮ್ಮದೇ ದಾರಿ ಹಿಡಿದರು. ಮನೆ ಬಿಟ್ಟ ನಾಯಕಿ ಪಶ್ಚಾತ್ತಾಪದಿಂದ ಒಂದು ದೊಡ್ಡ ಹೊಳೆಗೆ ಇಳಿದಳು. ಹಾಡುತ್ತ ಹಾಡುತ್ತ ನೀರು ಸೊಂಟಕ್ಕೆ ಬಂತು, ಕುತ್ತಿಗೆಗೆ ಬಂತು. ಇಡೀ ಟಾಕೀಸು ಅಳುತ್ತಿತ್ತು. ಸುಬೇದಾರರೂ ಟವೆಲಿನಿಂದ ಕಣ್ಣು ಒರೆಸಿಕೊಳ್ಳುತ್ತ ಅನುವಾದ ನಿಲ್ಲಿಸಿಬಿಟ್ಟಿದ್ದರು.

ಹಿಂದಿನ ಸಾಲಿನ ಹೆಂಗಸೊಬ್ಬರು ತಡೆಯಲಾರದೆ ಮುಂದಕ್ಕೆ ಬಗ್ಗಿದರು. "ಎಂತ ಹೇಳ್ತಿದಾಳೆ ಮಾರಾಯ್ರೇ, ನಮಗೂ ಸ್ವಲ್ಪ ಹೇಳಿ!"

ಸುಬೇದಾರರು ಬಿಕ್ಕುತ್ತಲೇ ಹೇಳಿದರು, "ಈಜು ಬರಲ್ಲ ಅಂತಿದಾಳೆ."

ಹಾಸಿಗೆಯ ಕೆಳಗೆ

ಮುಂದಿನ ವರ್ಷ ಕನ್ನಡದ್ದು ತೀರ್ಥಹಳ್ಳಿಗೆ ಬಂತು. ಈ ಸಲ ನಮ್ಮ ಸಮಿತಿಯ ಕಾರ್ಯದರ್ಶಿಗಳೇ ನಮ್ಮ ಜೊತೆ ಹೊರಟರು. "ಇಂಥ ಪುಸ್ತಕ ಮರ್ಯಾದಸ್ತರ ಹೊಸಿಲು ದಾಟಬಾರದು" ಅಂತ ಸಭೆಯಲ್ಲಿ ಮೇಜು ಕುಟ್ಟಿದವರು ಇವರೇ. ಸಿನಿಮಾ ಹೇಗಿದೆ ಅಂತ ನೋಡಿ ಖಂಡಿಸಬೇಕಲ್ಲ, ಅದಕ್ಕೆ ಹೊರಟಿದ್ದಂತೆ. ದೇವರ ಸಿನಿಮಾ ಅಂದುಕೊಂಡು ಅವರ ವಯಸ್ಸಾದ ತಾಯಿಯೂ ಬಂದಿದ್ದಾರೆ ಅಂತ ನಾವು ತಿಳಿದಿದ್ದೆವು. ಆಕೆಗೆ ಓದಲು ಬರುತ್ತಿರಲಿಲ್ಲ.

ಕನ್ನಡದವರು ನಾಯಕಿಯನ್ನು ಹೊಳೆಗೆ ಕಳಿಸಲಿಲ್ಲ. ಅವರು ಇನ್ನೂ ಬುದ್ಧಿವಂತರು. ಮನೆ ಬಿಟ್ಟು ಬಸ್‌ಸ್ಟ್ಯಾಂಡಿಗೆ ಬಂದವಳಿಗೆ ಸಂಗೀತದ ಮೇಷ್ಟ್ರ ತೋಳಿನ ಮೇಲಿನ ಮಚ್ಚೆ ಕಾಣಿಸಿತು. ನೋಡಿದರೆ ಆತ ಚಿಕ್ಕಂದಿನಲ್ಲಿ ಕಳೆದುಹೋಗಿದ್ದ ಅವಳ ಅಣ್ಣ! ಗಂಡನೂ ಓಡಿ ಬಂದ. ಮೂವರೂ ಅಪ್ಪಿಕೊಂಡು ಅತ್ತರು. ಜನ ಚಪ್ಪಾಳೆ ಹೊಡೆಯುತ್ತಿದ್ದಾಗ ನಮ್ಮ ಸಾಲಿನಿಂದ ಅಜ್ಜಿ ಎದ್ದು ನಿಂತರು.

"ಸುಳ್ಳು! ಪುಸ್ತಕದಲ್ಲಿ ಹಿಂಗಿಲ್ಲೆ!"

ಕಾರ್ಯದರ್ಶಿಗಳು ತಾಯಿಯ ಸೆರಗು ಹಿಡಿದು ಎಳೆದರು. "ಅಬ್ಬೆ, ಕೂತ್ಕ. ನಿಂಗೆಂತ ಗೊತ್ತಿದ್ದು?"

"ಯಂಗೆ ಎಲ್ಲಾ ಗೊತ್ತಿದ್ದು. ಸೊಸೆ ಮೂರು ಸಲ ಓದಿ ಹೇಳಿದ್ದು!"

ಕಾರ್ಯದರ್ಶಿಗಳ ಮುಖ ಕೆಂಪಾಯಿತು. ಅಕ್ಕಪಕ್ಕದವರಿಗೆಲ್ಲ ಕೇಳುವ ಹಾಗೆ, "ಅಂಥ ಪುಸ್ತಕ ನಮ್ಮನೆ ಒಳಗೆ ಹೆಂಗೆ ಬಂತು?" ಅಂತ ಗುಡುಗಿದರು.

ಅಜ್ಜಿ ಅವರಿಗಿಂತ ಜೋರಾಗಿ ಹೇಳಿದರು, "ನಿನ್ನ ಹಾಸಿಗೆ ಅಡಿಗೆ ಇತ್ತಲಾ, ಅದೇ ಪುಸ್ತಕ!"

ಸೂಜಿ ಮತ್ತು ಕಾಗದ

ಎರಡೂ ನೋಡಿ ಬಂದ ಮೇಲೆ ಊರಿನಲ್ಲಿ ಎರಡು ಪಕ್ಷವಾಯಿತು. ಪೋಸ್ಟ್ ಮಾಸ್ಟರು ಹಿಂದಿ ಪಕ್ಷ, ಆಸ್ಪತ್ರೆಯ ಕಾಂಪೌಂಡರು ಕನ್ನಡ ಪಕ್ಷ. ದಿನಾ ಸಂಜೆ ವಾಚನಾಲಯದ ಬೆಂಚಿನ ಮೇಲೆ ಜಗಳ. ಹೊಳೆಗೆ ಬಿದ್ದದ್ದು ಸಹಜವೋ, ಅಣ್ಣ ಸಿಕ್ಕಿದ್ದು ಸಹಜವೋ. ಕೊನೆಕೊನೆಗೆ ಇಬ್ಬರೂ ಮಾತು ಬಿಟ್ಟರು.

ಅಷ್ಟರಲ್ಲಿ ಪೋಸ್ಟ್ ಮಾಸ್ಟರಿಗೆ ಜ್ವರ ಬಂತು. ಆಸ್ಪತ್ರೆಗೆ ಹೋಗಿ ಕವುಚಿ ಮಲಗಿದರು. ಕಾಂಪೌಂಡರು ದೊಡ್ಡ ಸೂಜಿ ಎತ್ತಿ ಹಿಡಿದು, "ಈಗ ಹೇಳಿ, ಯಾವ ಸಿನಿಮಾ ಒಳ್ಳೇದು?" ಅಂದರು.

"ಕನ್ನಡದ್ದು! ಕನ್ನಡದ್ದೇ!"

ಮುಂದಿನ ವಾರ ಕಾಂಪೌಂಡರು ಮಗಳ ಹೆರಿಗೆಯ ಸುದ್ದಿಗೆ ಕಾದು ಅಂಚೆ ಕಚೇರಿಗೆ ಬಂದರು. ಪೋಸ್ಟ್ ಮಾಸ್ಟರು ಕಾರ್ಡನ್ನು ಎದೆಗೆ ಒತ್ತಿ ಹಿಡಿದರು. "ಯಾವ ಸಿನಿಮಾ?"

"ಹಿಂದೀದು ಮಾರಾಯ್ರೇ, ಹಿಂದೀದು! ಕೊಡಿ ಅತ್ಲಾಗೆ!"

ಗಂಡು ಮಗು ಅಂತ ಗೊತ್ತಾಯಿತು, ಇಬ್ಬರೂ ಸಕ್ಕರೆ ಹಂಚಿಕೊಂಡರು. ಮಾರನೇ ದಿನದಿಂದ ಮತ್ತೆ ಜಗಳ. ಕೊಟ್ಟ ಮಾತಿಗೆ ತಪ್ಪಬಾರದಲ್ಲ, ಅದಕ್ಕೇ ಪೋಸ್ಟ್ ಮಾಸ್ಟರು ಕನ್ನಡ ಪಕ್ಷ, ಕಾಂಪೌಂಡರು ಹಿಂದಿ ಪಕ್ಷ.

ಹೆಣ್ಣು ನೋಡಲು ಬಂದವರು

ಇದೆಲ್ಲ ನಗುವ ಮಾತಾಯಿತು. ನನಗೆ ಮಾತ್ರ ಆ ಪುಸ್ತಕ ಮನೆಯೊಳಗೇ ಬಿಸಿ ಮುಟ್ಟಿಸಿತ್ತು. ಅಪ್ಪ ತೀರಿಕೊಂಡಿದ್ದರು, ತಂಗಿಯ ಮದುವೆ ನನ್ನ ಜವಾಬ್ದಾರಿ. ಬಂದ ಎರಡು ಸಂಬಂಧಗಳು "ಆ ಪುಸ್ತಕ ಹಂಚೋನ ಮನೆ" ಅಂತ ತಪ್ಪಿಹೋಗಿದ್ದವು. ಮೂರನೆಯದಾಗಿ ಕಾರ್ಗಲ್‌ನಿಂದ ಒಬ್ಬರು ಬಂದರು. ಹುಡುಗ ಡ್ಯಾಮಿನ ಕೆಲಸದಲ್ಲಿ ಓವರ್‌ಸಿಯರು. ಜೊತೆಗೆ ಅವನ ತಂದೆ ಮತ್ತು ಸೋದರತ್ತೆ. ಮನೆಯ ತೀರ್ಮಾನವೆಲ್ಲ ಅತ್ತೆಯದೇ ಅಂತ ಮೊದಲೇ ಕೇಳಿದ್ದೆವು.

"ಯಾರು ಕೇಳಿದ್ರೂ ಆ ಪುಸ್ತಕ ನೋಡೇ ಇಲ್ಲ ಅನ್ನು" ಅಂತ ಅಮ್ಮ ತಂಗಿಗೆ ಬೆಳಗಿನಿಂದ ನಾಲ್ಕು ಸಲ ಹೇಳಿದ್ದಳು.

ಉಪ್ಪಿಟ್ಟು, ಕಾಫಿ ಬಂತು. ಅತ್ತೆ ಕೇಳಿದರು, "ಹುಡುಗಿಗೆ ಸಂಗೀತ ಬರುತ್ತಾ?"

ತಂಗಿ ಬಾಯಿ ತೆರೆಯುವ ಮುಂಚೆಯೇ ಅಮ್ಮ ಗಾಬರಿಯಿಂದ, "ಇಲ್ಲ ಇಲ್ಲ! ಸಂಗೀತದ ಮೇಷ್ಟ್ರನ್ನ ನಾವು ಜಗಲಿ ಕೂಡ ಹತ್ತಿಸಿಲ್ಲ!" ಅಂದುಬಿಟ್ಟಳು.

ಹುಡುಗ ನಗು ತಡೆದುಕೊಂಡು ತಂಗಿಯನ್ನು ನೇರವಾಗಿ ಕೇಳಿದ, "ನಿಮಗೆ ಯಾವುದು ಹಿಡಿಸ್ತು? ಸಾಗರದ್ದಾ, ತೀರ್ಥಹಳ್ಳೀದಾ?"

ತಂಗಿ ಅಮ್ಮನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಆಮೇಲೆ ತಡೆಯಲಾಗಲಿಲ್ಲ. "ಎರಡೂ ಇಲ್ಲ" ಅಂದಳು. "ಒಂದರಲ್ಲಿ ಅವಳನ್ನ ನೀರಿಗೆ ಹಾಕಿದ್ರು, ಇನ್ನೊಂದರಲ್ಲಿ ಅಣ್ಣನ್ನ ತಂದು ನಿಲ್ಲಿಸಿದ್ರು. ನಿನಗೇನು ಬೇಕು ಅಂತ ಅವಳನ್ನ ಕೇಳಿದವರೇ ಇಲ್ಲ. ಪುಸ್ತಕದಲ್ಲಿ ಅವಳೇ ಮಾತಾಡ್ತಾಳೆ. ಗಂಡನ್ನ ಎದುರು ಕೂರಿಸಿಕೊಂಡು, ಎಂತಕ್ಕೆ ಹೊರಟೆ ಅಂತ ಒಂದೊಂದೇ ಹೇಳ್ತಾಳೆ. ಆ ಪುಟ ನಾನು ಎಷ್ಟು ಸಲ ಓದಿದೀನೋ!" ಅವಳ ಮುಖ ಹೊಳೆಯುತ್ತಿತ್ತು. ಹುಡುಗ ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದು ಹಾಗೇ ಕೂತಿದ್ದ. ಅಮ್ಮ ಒಳಬಾಗಿಲು ಹಿಡಿದು ನಿಂತಿದ್ದಳು. "ಆಮೇಲೆ ಕೊನೆಗೆ ಅವಳು..."

"ಸಾಕು! ಬಾಯಿ ಮುಚ್ಚು!" ಅತ್ತೆ ಎರಡೂ ಕಿವಿ ಮುಚ್ಚಿಕೊಂಡು ಎದ್ದು ನಿಂತರು. "ನಡೀರಿ, ಹೋಗೋಣ" ಅಂತ ತಮ್ಮ ಅಣ್ಣನನ್ನೂ ಹುಡುಗನನ್ನೂ ಎಬ್ಬಿಸಿದರು. ಕಾಫಿ ಅರ್ಧ ಲೋಟದಲ್ಲೇ ಉಳಿಯಿತು. ಕಾಗದ ಬರೀತೀವಿ ಅಂತ ಹುಡುಗನ ತಂದೆ ಹೇಳಿದ್ದೊಂದೇ ಮಾತು.

ಅಮ್ಮ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ತಂಗಿ ಅಳಲಿಲ್ಲ, ಆದರೆ ಊಟವನ್ನೂ ಸರಿಯಾಗಿ ಮಾಡಲಿಲ್ಲ. ನಾನು ಪುಸ್ತಕವನ್ನು ಹೊಳೆಗೆ ಹಾಕಿಬಿಡಲೇ ಅಂತ ಯೋಚಿಸುತ್ತಿದ್ದಾಗ ನಾಲ್ಕನೆಯ ದಿನ ಕಾಗದ ಬಂತು. ಹುಡುಗನೇ ಬರೆದಿದ್ದ.

"ನನಗೆ ಪೂರ್ಣ ಒಪ್ಪಿಗೆ ಇದೆ, ಅತ್ತೆಗೆ ನನಗಿಂತ ಹೆಚ್ಚು. ಅವತ್ತು ಅವರು ರೇಗಿದ್ದನ್ನು ತಪ್ಪು ತಿಳಿಯಬಾರದು. ಅವರು ಆ ಪುಸ್ತಕ ಮುಕ್ಕಾಲು ಓದಿದ್ದರು. ಅಷ್ಟರಲ್ಲಿ ಪುಸ್ತಕ ಕೊಟ್ಟವರು ವಾಪಸು ಕೇಳಿದರಂತೆ. ನಿಮ್ಮ ತಂಗಿ ಕೊನೆ ಹೇಳಿಬಿಟ್ಟರೆ ಸ್ವಾರಸ್ಯವೇ ಹೋಗುತ್ತದೆ ಅಂತ ಹೆದರಿ ಎದ್ದುಬಂದರು. ನಮಗೆ ವರದಕ್ಷಿಣೆ ಏನೂ ಬೇಡ. ಆ ಪುಸ್ತಕವೊಂದನ್ನು ಎರಡು ದಿನದ ಮಟ್ಟಿಗೆ ಕಳಿಸಿಕೊಟ್ಟರೆ ಸಾಕು."

ನಾನು ಮಧ್ಯಾಹ್ನದ ಬಸ್ಸಿಗೇ ಪುಸ್ತಕ ಕಳಿಸಿದೆ. ವೈಶಾಖದಲ್ಲಿ ಮದುವೆಯಾಯಿತು. ತಂಗಿ ಹಬ್ಬಕ್ಕೆ, ಹುಣ್ಣಿಮೆಗೆ, ಬಾಣಂತನಕ್ಕೆ ಅಂತ ಎಷ್ಟೋ ಸಲ ತವರಿಗೆ ಬಂದು ಹೋದಳು. ಪುಸ್ತಕ ಮಾತ್ರ ಇವತ್ತಿನವರೆಗೂ ಬಂದಿಲ್ಲ.